ನಮ್ಮ ನಂತರವೂ ಸಂಸ್ಥೆ ನಡೆಯಬೇಕು: ಉತ್ತರ ಹೇಳದೆ ಕೇಳುತ್ತಾ ಮಾತಾಡುವುದನ್ನು ಯಾರಾದರೂ ಮಾಡಿ ನೋಡಿದ್ದೀರಾ?

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಇದು ಸ್ವಲ್ಪ ಉದ್ದ ಆಗುತ್ತದೆ. ಸಮಯ ಇದ್ದಾಗ ಓದಿ, ಆದರೆ ದಯವಿಟ್ಟು ನಿಮ್ಮ ಅನುಭವ ಬರೆಯಿರಿ.

ಶಿರಸಿ, ಸಿದ್ದಾಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆಲಸ ಮಾಡುವ ಸಣ್ಣ ಸಂಸ್ಥೆ ನಮ್ಮದು. ಹೆಂಗಸರ ಸಂಘಗಳು, ಮಕ್ಕಳಿಗೆ ಸಂಜೆ ಓದಿನ ಕೇಂದ್ರ, ಸ್ವಲ್ಪ ನೀರಿನ ಕೆಲಸ. ಒಟ್ಟು 14 ಜನ. ಶುರು ಮಾಡಿದವರಲ್ಲಿ ನಾನೂ ಒಬ್ಬ. 22 ವರ್ಷ ಆಯಿತು. ನನಗೀಗ 61.

ಹೋದ ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿಯಿತು. ಆರು ವಾರ ಮನೆಯಲ್ಲೇ ಇದ್ದೆ. ಬೆಳಿಗ್ಗೆಯಿಂದ ರಾತ್ರಿಯ ತನಕ ಫೋನು. "ಅಣ್ಣ, ಕೇಂದ್ರಕ್ಕೆ ಚಾಪೆ ಎಷ್ಟು ತರಲಿ?" "ಪಿಡಿಒ ಸಿಗಲಿಲ್ಲ, ನಾಳೆ ಮತ್ತೆ ಹೋಗಲಾ?" ಕೇಳುತ್ತಿದ್ದವರು ಹೊಸಬರಲ್ಲ. ಹತ್ತು, ಹನ್ನೆರಡು ವರ್ಷ ನಮ್ಮ ಜೊತೆ ಇದ್ದವರು. ಮೊದಲ ವಾರ ನನಗೆ ಒಳಗೊಳಗೇ ಖುಷಿ ಆಗಿತ್ತು, ನಾನು ಬೇಕು ಅಂತ. ಮೂರನೇ ವಾರ ಭಯ ಶುರುವಾಯಿತು. 22 ವರ್ಷ ದುಡಿದು, ನಾನಿಲ್ಲದೆ ಚಾಪೆ ತರಲೂ ಆಗದ ಸಂಸ್ಥೆ ಕಟ್ಟಿದೆನಾ? ಅವರು ದಡ್ಡರಲ್ಲ. ಕೇಳಿದ ತಕ್ಷಣ ಉತ್ತರ ಕೊಟ್ಟು ಕೊಟ್ಟು ನಾನೇ ಅವರನ್ನು ಹಾಗೆ ಮಾಡಿದ್ದೆ.

ಆಮೇಲೆ ಎರಡು ದಿನದ ಒಂದು ತರಬೇತಿಗೆ ಹೋದೆ. ನಾಯಕರನ್ನು ಬೆಳೆಸಲು ಕೋಚಿಂಗ್ ಮಾತುಕತೆ ಅಂತ ಅದರ ಹೆಸರು. ಅಲ್ಲಿ ಕಲಿತ ಮುಖ್ಯ ಮಾತು ಒಂದೇ: ಯಾರಾದರೂ ಸಮಸ್ಯೆ ತಂದಾಗ ಉತ್ತರವನ್ನು ಬಾಯಲ್ಲೇ ಹಿಡಿದುಕೊಂಡು, ಅವರು ಯೋಚನೆ ಮಾಡುವಂಥ ಪ್ರಶ್ನೆ ಕೇಳಬೇಕು.

ಜನವರಿಯಲ್ಲಿ ನಡೆದದ್ದು ಹೇಳುತ್ತೇನೆ. ನಮ್ಮ ಕೋಆರ್ಡಿನೇಟರ್ ಒಬ್ಬಳು ಬಂದಳು. "ಅಣ್ಣ, ಮೂರು ಊರಲ್ಲಿ ಸಂಘದ ಸಭೆಗೆ ಯಾರೂ ಬರ್ತಿಲ್ಲ. ಏನ್ ಮಾಡ್ಲಿ?" ಅಡಿಕೆ ಗೊನೆ ಕೊಯ್ಯುವ ಕಾಲ ಅದು. "ಸಭೆ ಭಾನುವಾರಕ್ಕೆ ಹಾಕು" ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ.

"ಸಂಜೆ ಹೊತ್ತು ಅವರೆಲ್ಲ ಎಲ್ಲಿರ್ತಾರೆ?"

"ಅಡಿಕೆ ಸುಲಿಯೋಕೆ ಹೋಗಿರ್ತಾರೆ. ಕೆಲವು ಮನೇಲಿ ರಾತ್ರಿ ಹತ್ತರ ತನಕ."

"ಅಲ್ಲಿಗೆ ನೀನು ಹೋಗಿದ್ದೀಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆ ಮೌನ ತಡೆದುಕೊಳ್ಳುವುದು ನನಗೆ ತುಂಬಾ ಕಷ್ಟ ಆಯಿತು. ಆಮೇಲೆ ಅವಳೇ ಹೇಳಿದಳು: "ಅವರು ಸಭೆಗೆ ಬರೋದು ಬೇಡ ಅಣ್ಣ, ಸಭೆನೇ ಅಲ್ಲಿಗೆ ಹೋಗ್ಲಿ. ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂತಾಗ ಕೈಗಷ್ಟೇ ಕೆಲಸ, ಮಾತಾಡಬಹುದು ಅಲ್ವಾ?" ಅಷ್ಟಕ್ಕೇ ನಿಲ್ಲಲಿಲ್ಲ. "ಆದ್ರೆ ಉಳಿತಾಯ, ಸಾಲದ ಲೆಕ್ಕ ಅಲ್ಲಿ ಬೇಡ. ಕೆಲಸ ಕೊಟ್ಟ ಮನೆಯವರ ಮುಂದೆ ಅವರು ಹಣದ ಮಾತು ಆಡೋದಿಲ್ಲ. ಅದಕ್ಕೆ ತಿಂಗಳಿಗೊಮ್ಮೆ ಶಾಲೆ ಜಗಲಿ ಸಾಕು."

ಈ ಎರಡನೇ ಮಾತು ನನಗೆ ಹೊಳೆಯುತ್ತಲೇ ಇರಲಿಲ್ಲ. ಭಾನುವಾರ ಅಂತ ನಾನು ಹೇಳಿದ್ದರೆ ಅವಳು ಹೂಂ ಅಂತ ಹೋಗಿಬಿಡುತ್ತಿದ್ದಳು, ಅವಳಿಗೆ ಗೊತ್ತಿದ್ದದ್ದು ಅವಳಲ್ಲೇ ಉಳಿಯುತ್ತಿತ್ತು.

ನನ್ನ ಪ್ರಶ್ನೆ: ನಮ್ಮ ಕಡೆಯ ಸಂಸ್ಥೆಗಳಲ್ಲಿ ಇದನ್ನು ಬಿಡದೆ ಮಾಡಿದವರು ಇದ್ದೀರಾ? ಎಲ್ಲಿ ಕೈಕೊಟ್ಟಿತು?

ಕಡಲತಡಿ, ಕುಮಟಾ

ಸರ್, ಓದಿ ಮನಸ್ಸಿಗೆ ತಟ್ಟಿತು. ನಮ್ಮದು ಅಘನಾಶಿನಿ ಅಳಿವೆಯ ಹಳ್ಳಿಗಳಲ್ಲಿ ಕೆಲಸ. ಮೀನು ಮಾರುವ ಹೆಂಗಸರು, ಬಳಚು ಅನ್ನುವ ಚಿಪ್ಪುಮೀನು ಆರಿಸುವವರು. ಏಳು ಜನ ಇದ್ದೇವೆ.

ಒಂದು ಗೊಂದಲ. ನಮ್ಮಲ್ಲಿ ಕೋಚಿಂಗ್ ಅಂದರೆ ಪಿಯುಸಿ ಮಕ್ಕಳ ಸಿಇಟಿ ಕ್ಲಾಸು. ಟ್ರಸ್ಟಿಗಳ ಹತ್ತಿರ ಆ ಪದ ಹೇಳಿದ್ದಕ್ಕೆ "ಯಾವ ಪರೀಕ್ಷೆಗೆ?" ಅಂತ ಕೇಳಿದರು. ತರಬೇತಿ, ಹಿರಿಯರ ಮಾರ್ಗದರ್ಶನ, ಕೌನ್ಸೆಲಿಂಗ್, ಇದು, ಎಲ್ಲ ಒಂದೇನಾ? ಬೇರೆ ಆದರೆ ಹೇಗೆ ಬೇರೆ?

ತೋಟದಮನೆ, ಶಿರಸಿ

ಒಳ್ಳೆಯ ಪ್ರಶ್ನೆ ಅಕ್ಕ. ನಾನು ತಿಳಿದುಕೊಂಡಷ್ಟು ಹೇಳುತ್ತೇನೆ.

ತರಬೇತಿಯಲ್ಲಿ ಗೊತ್ತಿಲ್ಲದ ಕೆಲಸ ಕಲಿಸುತ್ತೇವೆ. ಸಂಘದ ನಡಾವಳಿ ಪುಸ್ತಕ ಬರೆಯುವುದು ಹೇಗೆ, ಅದು ತರಬೇತಿ. ಮಾರ್ಗದರ್ಶನದಲ್ಲಿ ಹಿರಿಯರು ತಮ್ಮ ಅನುಭವ ಹೇಳುತ್ತಾರೆ. ಕೌನ್ಸೆಲಿಂಗ್ ಮನಸ್ಸಿನ ನೋವಿಗೆ, ಅದನ್ನು ಕಲಿತವರೇ ಮಾಡಬೇಕು. ಕೋಚಿಂಗ್ ಮಾತುಕತೆಯಲ್ಲಿ ಎದುರಿನವರಿಗೆ ಕೆಲಸ ಗೊತ್ತಿದೆ ಅಂತ ನಾವು ನಂಬುತ್ತೇವೆ. ಅವರ ಯೋಚನೆ ಅವರಿಗೇ ಸ್ಪಷ್ಟ ಆಗುವ ಹಾಗೆ ಕೇಳುತ್ತೇವೆ.

ಇದು ಬಂದದ್ದು ಆಟದ ಮೈದಾನದಿಂದ. 1970ರ ದಶಕದಲ್ಲಿ ಅಮೆರಿಕದಲ್ಲಿ ಟಿಮೊಥಿ ಗಾಲ್ವೇ ಅನ್ನುವವರು ಟೆನಿಸ್ ಕಲಿಸುತ್ತಿದ್ದರು. ಕೈ ಹೀಗೆ ಎತ್ತು, ಕಾಲು ಹಾಗೆ ಇಡು ಅಂತ ಹೇಳುವುದನ್ನು ಕಡಿಮೆ ಮಾಡಿ, ಚೆಂಡನ್ನು ಸರಿಯಾಗಿ ಗಮನಿಸು ಅಂದಾಗ ಜನ ಬೇಗ ಕಲಿಯುತ್ತಾರೆ ಅಂತ ಅವರು ಕಂಡುಕೊಂಡರು. ಅವರಿಂದ ಕಲಿತ ಜಾನ್ ವಿಟ್ಮೋರ್ ಮೊದಲು ಕಾರ್ ರೇಸ್ ಓಡಿಸುತ್ತಿದ್ದವರು. 1980ರ ದಶಕದಲ್ಲಿ ಅವರೂ ಅವರ ಜೊತೆಗಾರರೂ ಇದನ್ನು ಬ್ರಿಟನ್ನಿನ ಕಂಪನಿಗಳಿಗೆ ತಂದರು. ಗ್ರೋ ಅಂತ ನಾಲ್ಕು ಮೆಟ್ಟಿಲಿನ ಕ್ರಮ ಬಂದದ್ದು ಆಗ. ನಾನು ಅದನ್ನು ನಮ್ಮ ಮಾತಲ್ಲಿ ಹೀಗೆ ಇಟ್ಟುಕೊಂಡಿದ್ದೇನೆ: ಏನು ಆಗಬೇಕು, ಈಗ ಹೇಗಿದೆ, ಏನೇನು ಮಾಡಬಹುದು, ನೀನು ಯಾವಾಗ ಏನು ಮಾಡ್ತೀಯ. ಕೊನೆಯದನ್ನು ಬಿಟ್ಟರೆ ಅದು ಬರೀ ಹರಟೆ ಆಗುತ್ತದೆ.

ಪದದ ಬಗ್ಗೆ: ನಮ್ಮ ಆಫೀಸಿನಲ್ಲಿ ಕೋಚಿಂಗ್ ಅನ್ನುವುದನ್ನೇ ಬಿಟ್ಟೆವು. "ಕೂತು ಮಾತಾಡೋದು" ಅಂತೀವಿ. "ಅಣ್ಣ, ಈ ವಾರ ನಮ್ಮದು ಕೂತು ಮಾತಾಡೋದು ಇದೆ ಅಲ್ವಾ" ಅಂತ ಅವರೇ ನೆನಪು ಮಾಡುತ್ತಾರೆ.

ಹಿಮ್ಮೇಳ, ಸಿದ್ದಾಪುರ

ನನಗೆ ಇದು ಅಷ್ಟಾಗಿ ಒಪ್ಪಿಗೆ ಇಲ್ಲ, ನೇರವಾಗಿ ಹೇಳುತ್ತೇನೆ. 1983ರಲ್ಲಿ ಸಾಲ್ಕಣಿ ಕಡೆ ಜನ ಮರ ಅಪ್ಪಿಕೊಂಡು ನಿಂತರಲ್ಲ, ಅವರಿಗೆ ಯಾರು ಕೋಚಿಂಗ್ ಕೊಟ್ಟಿದ್ದರು? ಅಪ್ಪಿಕೋ ಚಳವಳಿಯಲ್ಲಿ ಹಳ್ಳಿಯ ಹುಡುಗರು, ಹೆಂಗಸರು ತಾವಾಗಿ ಮುಂದೆ ಬಂದರು. ಕೆಲಸ ದೊಡ್ಡದಿದ್ದರೆ ನಾಯಕರು ಹುಟ್ಟುತ್ತಾರೆ. ಈಗ ಕೆಲಸ ಪ್ರಾಜೆಕ್ಟ್ ಆಗಿದೆ, ಮೂರು ವರ್ಷದ ಲೆಕ್ಕ ಆಗಿದೆ. ರೋಗ ಅಲ್ಲಿದೆ. ಮಾತುಕತೆಯಿಂದ ಅದು ವಾಸಿ ಆಗುತ್ತಾ?

ತೋಟದಮನೆ, ಶಿರಸಿ

ನಿಮ್ಮ ಮಾತಿನಲ್ಲಿ ಅರ್ಧ ನಾನು ಪೂರ್ತಿ ಒಪ್ಪುತ್ತೇನೆ. ಪ್ರಾಜೆಕ್ಟಿನ ಕಾಗದದಲ್ಲಿ ಯಾವ ತಿಂಗಳು ಯಾವ ಕೆಲಸ ಅಂತ ಮೊದಲೇ ಬರೆದಿಟ್ಟರೆ, ಫೀಲ್ಡಿನವರು ಯೋಚಿಸಲು ಜಾಗ ಎಲ್ಲಿದೆ?

ಆದರೆ ಇನ್ನೊಂದು ಅರ್ಧ. ಆ ಚಳವಳಿಯ ಹಿರಿಯರು ನಮ್ಮೂರಿಗೂ ಬರುತ್ತಿದ್ದರು. ಜಗಲಿಯಲ್ಲಿ ಕೂತು ಅವರು ಏನು ಮಾಡುತ್ತಿದ್ದರು ಅಂತ ನನಗೆ ಈಗ ನೆನಪಾಗುತ್ತದೆ. "ಬೆಟ್ಟದಲ್ಲಿ ನೀರು ಯಾವಾಗಿನಿಂದ ಕಡಿಮೆ ಆಯಿತು? ನಿಮಗೆ ಏನು ಅನ್ನಿಸುತ್ತೆ?" ಅಂತ ಕೇಳುತ್ತಿದ್ದರು. ನಾನಾಗ ಹೈಸ್ಕೂಲು ಮುಗಿಸಿದ ಹುಡುಗ. ದೊಡ್ಡವರೊಬ್ಬರು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ನಾನು ಈ ದಾರಿಗೆ ಬಂದದ್ದು ಬಹುಶಃ ಆ ರಾತ್ರಿಯಿಂದಲೇ.

ಕಾಳಿದಂಡೆ, ಹಳಿಯಾಳ

ನಾನು ಇಲ್ಲಿ ಎಂಟು ವರ್ಷದಿಂದ ಯುವಕರ ಗುಂಪುಗಳ ಜೊತೆ ಇದ್ದೇನೆ. ಹೆಚ್ಚಿನವರು ಸಿದ್ದಿ ಸಮುದಾಯದವರು, ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯವರು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಮೇಲೆ ಓದಿದವರ ಸಂಖ್ಯೆ ಬೆಳೆದಿದೆ, ಡಿಗ್ರಿ ಮಾಡಿದವರು ನಮ್ಮಲ್ಲೇ ಇದ್ದಾರೆ. ಆದರೂ ಸಂಸ್ಥೆಗಳ ಮುಖ್ಯ ಕುರ್ಚಿಯಲ್ಲಿ ನನ್ನಂಥ ಹೊರಗಿನವರೇ ಕೂತಿದ್ದೇವೆ. ಇದು ನನಗೆ ಸದಾ ಕೊರೆಯುವ ವಿಷಯ.

ಮೊದಲ ಸಲ ಒಬ್ಬ ಹುಡುಗನನ್ನು ಆಫೀಸಿಗೆ ಕರೆದು "ನಿನಗೆ ಏನು ಅನ್ನಿಸುತ್ತೆ?" ಅಂದೆ. ಅವನು ತಲೆ ತಗ್ಗಿಸಿ "ನೀವು ಹೇಳಿದ ಹಾಗೆ ಸರ್" ಅಂದ. ನಾಲ್ಕು ಸಲ ಇದೇ ಆಯಿತು. ಅವನಿಗೆ ಆ ಪ್ರಶ್ನೆ ಪರೀಕ್ಷೆಯ ಹಾಗೆ ಕೇಳಿಸಿತ್ತು. ಶಾಲೆಯಲ್ಲಿ, ಕಚೇರಿಗಳಲ್ಲಿ ಯಾರಾದರೂ ಅವನನ್ನು ಪ್ರಶ್ನೆ ಕೇಳಿದ್ದರೆ ಅದು ತಪ್ಪು ಹುಡುಕಲು ಮಾತ್ರ. ಹಾಗಿರುವಾಗ ನನ್ನ ಪ್ರಶ್ನೆಯನ್ನು ಅವನು ಏಕೆ ನಂಬಬೇಕು?

ಎರಡು ಬದಲಾವಣೆ ಮಾಡಿದೆ. ಮೇಜು ಬಿಟ್ಟೆ. ಊರಿಂದ ಊರಿಗೆ ನಡೆಯುವಾಗ ಮಾತಾಡುತ್ತೇವೆ. ಎದುರುಬದುರು ಕೂತಾಗ ಬಾರದ ಮಾತು ಅಕ್ಕಪಕ್ಕ ನಡೆಯುವಾಗ ಬರುತ್ತದೆ. ಇನ್ನೊಂದು, ಮೊದಲು ನನ್ನ ಗೊಂದಲವನ್ನು ನಾನು ಹೇಳುತ್ತೇನೆ. "ಈ ಹಾಸ್ಟೆಲ್ ವಿಷಯದಲ್ಲಿ ನನಗೆ ದಾರಿ ಕಾಣ್ತಿಲ್ಲ. ನಿನ್ನ ತಂಗಿ ಅಲ್ಲೇ ಇದ್ದಳಲ್ವಾ, ನಾನು ಏನನ್ನ ನೋಡ್ತಾ ಇಲ್ಲ?" ಅಂದ ದಿನ ಅವನು ಒಂದೂವರೆ ತಾಸು ಮಾತಾಡಿದ. ಈಗ ಹಾಸ್ಟೆಲ್ ಕೆಲಸ ಪೂರ್ತಿ ಅವನೇ ನೋಡಿಕೊಳ್ಳುತ್ತಾನೆ. ಅಧಿಕಾರಿಗಳ ಜೊತೆ ಮಾತಾಡುವಾಗ ನಾನು ಹಿಂದಿನ ಕುರ್ಚಿಯಲ್ಲಿ ಕೂರುತ್ತೇನೆ.

ಹೊನ್ನಾವರದ ಅಕ್ಕ

ನಾನು ಮುಖ್ಯಸ್ಥೆ ಅಲ್ಲ. ಫೀಲ್ಡಿನಲ್ಲಿ 11 ವರ್ಷದಿಂದ ಕೆಲಸ ಮಾಡುವವಳು. ಇಲ್ಲಿ ಬರೆದವರೆಲ್ಲ ಕೇಳುವ ಕಡೆಯವರು. ಕೇಳಿಸಿಕೊಳ್ಳುವ ಕಡೆಯಿಂದ ಒಂದು ಮಾತು ಹೇಳಲಾ?

ನಾನು ಮೊದಲಿದ್ದ ಸಂಸ್ಥೆಯಲ್ಲಿ ಮೇಡಂ ಇಂಥದ್ದೇ ತರಬೇತಿಗೆ ಹೋಗಿ ಬಂದರು. ಆಮೇಲೆ ಎಲ್ಲವೂ ಪ್ರಶ್ನೆ ಆಯಿತು. "ಮನೆ ಭೇಟಿ ಬೆಳಿಗ್ಗೆ ಮಾಡಿದ್ರೆ ಹೇಗಿರುತ್ತೆ ಅನ್ಸುತ್ತೆ?" ಬೆಳಿಗ್ಗೆ ಹೆಂಗಸರು ಮೀನಿನ ಬುಟ್ಟಿ ಹೊತ್ತು ಹೋಗಿರುತ್ತಾರೆ ಅಂತ ನಾನು ಹೇಳಿದರೆ ಮುಖ ಸಣ್ಣ ಮಾಡಿಕೊಂಡು ಅದನ್ನೇ ಬೇರೆ ರೀತಿ ಕೇಳುತ್ತಿದ್ದರು. ಅವರ ಉತ್ತರ ನನ್ನ ಬಾಯಿಂದ ಬರುವ ತನಕ ಬಿಡುತ್ತಿರಲಿಲ್ಲ. ನೇರವಾಗಿ ಹೀಗೆ ಮಾಡು ಅಂದಿದ್ದರೆ ನನಗೆ ಅಷ್ಟು ಬೇಸರ ಆಗುತ್ತಿರಲಿಲ್ಲ. ಆಮೇಲೆ ಕೆಲಸ ಕೆಟ್ಟರೆ "ಇದು ನೀನೇ ಹೇಳಿದ್ದು ಅಲ್ವಾ" ಅನ್ನುವ ಮಾತು ಬೇರೆ.

ಶಿರಸಿ ಅಣ್ಣನವರೇ, ತಪ್ಪು ತಿಳಿಯಬೇಡಿ. "ಅಲ್ಲಿಗೆ ನೀನು ಹೋಗಿದ್ದೀಯಾ" ಅನ್ನುವ ನಿಮ್ಮ ಪ್ರಶ್ನೆಯೂ ಸ್ವಲ್ಪ ಹಾಗೇ ಇದೆ. ಉತ್ತರ ಅದರೊಳಗೇ ಕೂತಿದೆ.

ಇನ್ನೂ ಒಂದು. ಪ್ರಶ್ನೆ ಕೇಳಿ ನನ್ನನ್ನು ಬೆಳೆಸುತ್ತೀರಿ, ಸರಿ. ಆದರೆ 300 ರೂಪಾಯಿ ಖರ್ಚಿಗೂ ಸಹಿ ಬೇಕು, ಪಂಚಾಯ್ತಿಗೆ ಒಂದು ಪತ್ರ ಕೊಡಲೂ ಅನುಮತಿ ಬೇಕು ಅಂದರೆ ನಾನು ಯೋಚಿಸಿದ್ದನ್ನು ಎಲ್ಲಿ ಹಾಕಲಿ? ಅಧಿಕಾರ ಕೊಡದೆ ಬರೀ ಮಾತು ಕೊಟ್ಟರೆ ನಮಗೆ ಇನ್ನೂ ಸುಸ್ತಾಗುತ್ತದೆ.

ತೋಟದಮನೆ, ಶಿರಸಿ

ಅಕ್ಕ, ನಿಮ್ಮ ಬರಹವನ್ನು ಮೂರು ಸಲ ಓದಿದೆ. ನೀವು ಹೇಳಿದ್ದು ಸರಿ. ಆ ಪ್ರಶ್ನೆ ಕೇಳುವಾಗ ನನ್ನ ತಲೆಯಲ್ಲಿ ಉತ್ತರ ಬಂದುಬಿಟ್ಟಿತ್ತು. ಅವಳು ನನಗಿಂತ ಮುಂದೆ ಹೋದದ್ದು ಅವಳ ಜಾಣತನ. "ಇನ್ನೇನು ಗಮನಿಸಿದ್ದೀಯ?" ಅಂತ ಕೇಳಿದ್ದರೂ ಅವಳು ಅಲ್ಲಿಗೆ ಬರುತ್ತಿದ್ದಳು.

ಈಗ ನಾನು ಒಂದು ನಿಯಮ ಇಟ್ಟುಕೊಳ್ಳುತ್ತಿದ್ದೇನೆ. ಒಂದು ವಿಷಯದಲ್ಲಿ ನನ್ನ ತೀರ್ಮಾನ ಆಗಿಹೋಗಿದ್ದರೆ ಪ್ರಶ್ನೆ ಕೇಳುವುದಿಲ್ಲ. "ಇದು ಹೀಗೆ ಆಗಬೇಕು, ಕಾರಣ ಇದು" ಅಂತ ನೇರ ಹೇಳುತ್ತೇನೆ. ಅವರ ಉತ್ತರ ನನಗೆ ಹಿಡಿಸದಿದ್ದರೂ ನಡೆಯಬಹುದು ಅನ್ನುವ ಕಡೆ ಮಾತ್ರ ಕೇಳುತ್ತೇನೆ.

ಅಧಿಕಾರದ ವಿಷಯ ನೀವು ಬರೆದ ಮಾರನೇ ದಿನವೇ ಕೋಆರ್ಡಿನೇಟರುಗಳ ಮುಂದೆ ಇಟ್ಟೆ. "ಯಾವ ಯಾವ ತೀರ್ಮಾನ ನಿಮ್ಮದೇ ಆಗಬೇಕು?" ಅಂತ ಕೇಳಿ ಗೋಡೆಗೆ ಹಾಳೆ ಅಂಟಿಸಿದೆ. 19 ಬರೆದರು. 16ಕ್ಕೆ ನನ್ನ ತಕರಾರೇ ಇರಲಿಲ್ಲ. ಇಷ್ಟು ದಿನ ಅವು ನನ್ನ ಹತ್ತಿರ ಏಕೆ ಬರುತ್ತಿದ್ದವು ಅಂತ ನನಗೇ ಹೇಳಲು ಆಗಲಿಲ್ಲ. ಕೇಂದ್ರದ ಖರ್ಚು 5,000 ರೂಪಾಯಿ ತನಕ ಅವರದೇ ಸಹಿ ಅಂತ ಆಯಿತು. ತಿಂಗಳ ಕೊನೆಗೆ ಬಿಲ್ ತೋರಿಸಿದರೆ ಸಾಕು.

ಲೆಕ್ಕದ ಪುಸ್ತಕ, ಕಾರವಾರ

ನಾನು ನಾಲ್ಕೈದು ಸಂಸ್ಥೆಗಳ ಲೆಕ್ಕಪತ್ರ ನೋಡುತ್ತೇನೆ. ಈ ಮಾತುಕತೆಗೆ ಬೇಲಿ ಎಲ್ಲಿ ಹಾಕಬೇಕು ಅಂತ ಬರೆಯುವುದು ನನ್ನ ಕರ್ತವ್ಯ ಅನ್ನಿಸಿತು.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ನಿಮ್ಮ ಕೇಂದ್ರದ ಕಾರ್ಯಕರ್ತೆಗೆ ಗೊತ್ತಾದರೆ "ನೀನು ಏನು ಮಾಡಬಹುದು ಅಂತ ಯೋಚಿಸು" ಅನ್ನಲೇಬೇಡಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಬಂದರೂ ಹಾಗೇ. 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನ ಇರುವಲ್ಲಿ ಆಂತರಿಕ ಸಮಿತಿ ಇರಬೇಕು. ದೂರು ಅಲ್ಲಿಗೆ ಹೋಗಬೇಕು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. 14 ಜನ ಇರುವ ಶಿರಸಿಯವರು ಇದನ್ನು ಮಾಡಿದ್ದೀರಿ ಅಂತ ಭಾವಿಸುತ್ತೇನೆ. ವಿದೇಶಿ ದೇಣಿಗೆಯ ವಾರ್ಷಿಕ ಲೆಕ್ಕವೂ ಅಷ್ಟೇ, ಆರ್ಥಿಕ ವರ್ಷ ಮುಗಿದು ಒಂಬತ್ತು ತಿಂಗಳ ಒಳಗೆ ಸಲ್ಲಿಸಬೇಕು. ಇಲ್ಲೆಲ್ಲ ಸ್ಪಷ್ಟವಾಗಿ ಹೇಳಿ, ಕಲಿಸಿ, ಜೊತೆಗೆ ನಿಂತು ಮಾಡಿಸಿ.

ಆದರೆ ಈ ಮಾತುಕತೆ ಏಕೆ ಬೇಕು ಅನ್ನುವುದಕ್ಕೂ ನನ್ನ ಹತ್ತಿರ ಕಾರಣ ಇದೆ. ವಿದೇಶಿ ದೇಣಿಗೆಯಲ್ಲಿ ಆಡಳಿತದ ಖರ್ಚಿಗೆ ಮೊದಲು 50 ಶೇಕಡಾ ತನಕ ಬಳಸಬಹುದಿತ್ತು. 2020ರ ತಿದ್ದುಪಡಿ ಅದನ್ನು 20ಕ್ಕೆ ಇಳಿಸಿತು. ಬೆಂಗಳೂರಿಗೆ ಕಳಿಸಿ ದೊಡ್ಡ ತರಬೇತಿ ಕೊಡಿಸುತ್ತೇವೆ ಅಂದರೆ ಸಣ್ಣ ಸಂಸ್ಥೆಗೆ ದುಡ್ಡು ಎಲ್ಲಿಂದ? ಹದಿನೈದು ದಿನಕ್ಕೊಮ್ಮೆ ಮುಕ್ಕಾಲು ತಾಸು ಕೂರುವುದಕ್ಕೆ ಯಾರ ಮಂಜೂರಾತಿಯೂ ಬೇಡ.

ಇನ್ನೊಂದು ಯೋಚನೆ. ಶಿರಸಿಯ ತೋಟಗಾರ್ಸ್ ಸೊಸೈಟಿ 1923ರಲ್ಲಿ ಶುರುವಾದದ್ದು. ನೂರು ವರ್ಷ ದಾಟಿದೆ. ಸಹಕಾರಿ ಸಂಘದಲ್ಲಿ ಐದು ವರ್ಷಕ್ಕೊಮ್ಮೆ ಚುನಾವಣೆ ಬರುತ್ತದೆ, ಹೊಸಬರು ಬರಲು ದಾರಿ ಇರುತ್ತದೆ. ಟ್ರಸ್ಟ್‌ಗೆ ಅಂಥ ಒತ್ತಡ ಇಲ್ಲ. ಸ್ಥಾಪಕರು ಬದುಕಿರುವ ತನಕ ಇರಬಹುದು. ಅದಕ್ಕೇ ಟ್ರಸ್ಟ್ ನಡೆಸುವವರು ಮುಂದಿನವರನ್ನು ಬೆಳೆಸುವುದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟು ಮಾಡಬೇಕು. ಇಲ್ಲದಿದ್ದರೆ ಅದು ಯಾವತ್ತೂ ಆಗುವುದಿಲ್ಲ.

ತೋಟದಮನೆ, ಶಿರಸಿ

ಆಂತರಿಕ ಸಮಿತಿ ಇದೆ ಸರ್. ಆದರೆ ಹೊಸಬರಿಗೆ ಅದರ ಬಗ್ಗೆ ತಿಳಿಸಿ ಎರಡು ವರ್ಷ ಆಗಿದೆ. ಈ ವಾರವೇ ಮಾಡುತ್ತೇವೆ. ನೆನಪಿಸಿದ್ದಕ್ಕೆ ಧನ್ಯವಾದ.

ಗಂಗಾವಳಿ, ಅಂಕೋಲಾ

ಇನ್ನೊಂದು ಬೇಲಿ ನಾನು ಸೇರಿಸುತ್ತೇನೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ನದಿಯ ಆಚೆ ದಂಡೆಯಲ್ಲೂ ಮನೆಗಳು ಹಾಳಾದವು. ನಮ್ಮ ಸ್ವಯಂಸೇವಕರು ಊಟ, ಬಟ್ಟೆ, ಔಷಧಿ ತಲುಪಿಸುವ ಕೆಲಸದಲ್ಲಿ ಇದ್ದರು. ಆ ದಿನಗಳಲ್ಲಿ "ನಿನಗೆ ಏನು ಅನ್ನಿಸುತ್ತೆ" ಅನ್ನಲು ಸಮಯ ಇರಲಿಲ್ಲ, ಇರಲೂಬಾರದು. ಒಬ್ಬರು ಹೇಳಬೇಕು, ಉಳಿದವರು ಮಾಡಬೇಕು.

ನಾವು ತಪ್ಪಿದ್ದು ಆಮೇಲೆ. ನೀರು ಇಳಿದ ಮೇಲೂ ಅದೇ ರೀತಿ ಆಜ್ಞೆ ಮಾಡುವುದು ಮುಂದುವರಿಯಿತು. ಅಷ್ಟು ಚೆನ್ನಾಗಿ ದುಡಿದ ಹುಡುಗರು ಒಬ್ಬೊಬ್ಬರೇ ಬರುವುದು ಬಿಟ್ಟರು. ಎರಡು ತಿಂಗಳ ಮೇಲೆ ನಾನು ಅವರ ಮನೆಗಳಿಗೆ ಹೋದೆ. ಒಬ್ಬನ ಹತ್ತಿರ "ಆ ವಾರ ನೀನು ನೋಡಿದ್ದರಲ್ಲಿ ಮನಸ್ಸಿನಿಂದ ಹೋಗದೆ ಉಳಿದದ್ದು ಯಾವುದು?" ಅಂದೆ. ಅತ್ತುಬಿಟ್ಟ. ಅಲ್ಲಿಗೆ ನಾನು ನಿಲ್ಲಿಸಿದೆ. ಮೇಲೆ ಹೇಳಿದ್ದಾರಲ್ಲ, ಮನಸ್ಸಿನ ನೋವು ಬೇರೆಯವರ ಕೆಲಸ. ಅಂಥ ನೋವು ಕಂಡರೆ ಪ್ರಶ್ನೆ ಮುಂದುವರಿಸಬೇಡಿ. ಜೊತೆಗೆ ಕೂರಿ, ಆಮೇಲೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಅವನು ಈಗ ಚೆನ್ನಾಗಿದ್ದಾನೆ. ಈ ವರ್ಷದ ಮಳೆಗಾಲಕ್ಕೆ ಯಾರ ಮನೆಯಲ್ಲಿ ನಡೆಯಲಾಗದ ಹಿರಿಯರು ಇದ್ದಾರೆ ಅನ್ನುವ ಪಟ್ಟಿ ಅವನೇ ಮಾಡಿದ್ದಾನೆ.

ಹಿಮ್ಮೇಳ, ಸಿದ್ದಾಪುರ

ಮೊದಲು ಒಪ್ಪಿಗೆ ಇಲ್ಲ ಅಂದವನು ನಾನು. ಹೊನ್ನಾವರದ ಅಕ್ಕ ಬರೆದದ್ದು ಓದಿದ ಮೇಲೆ ನನಗೆ ತಾಳಮದ್ದಲೆ ನೆನಪಾಯಿತು. ನಾನು ಹವ್ಯಾಸಿ ಅರ್ಥಧಾರಿ, ಅಂದರೆ ವೇಷ ಇಲ್ಲದೆ ಕೂತು ಪಾತ್ರದ ಮಾತು ಆಡುವವನು.

ತಾಳಮದ್ದಲೆಯಲ್ಲಿ ಪದ ಇರುತ್ತದೆ, ಮಾತು ಬರೆದಿಟ್ಟಿರುವುದಿಲ್ಲ. ಎದುರಿಗೆ ಕೂತವರು ಎತ್ತಿದ ಪ್ರಶ್ನೆಗೆ ಅಲ್ಲೇ ಉತ್ತರ ಹುಟ್ಟಬೇಕು. ನಾನು ಹೊಸಬ ಇದ್ದಾಗ ಇಬ್ಬರು ಹಿರಿಯರ ಎದುರು ಕೂತಿದ್ದೇನೆ. ಒಬ್ಬರು ಕೇಳುತ್ತಿದ್ದುದು ನನ್ನನ್ನು ಕಟ್ಟಿಹಾಕಲು. ಪ್ರತಿ ಪ್ರಶ್ನೆಗೂ ನಾನು ಇನ್ನಷ್ಟು ಸಣ್ಣವನಾಗುತ್ತಿದ್ದೆ. ಇನ್ನೊಬ್ಬರು ನನ್ನ ಪಾತ್ರದ ಒಳಗೆ ನಾನೇ ನೋಡದ ಜಾಗಕ್ಕೆ ಬೆರಳು ತೋರಿಸುವ ಹಾಗೆ ಕೇಳುತ್ತಿದ್ದರು. ಕರ್ಣನ ಅರ್ಥ ಹೇಳುತ್ತಿದ್ದೆ. ಕೃಷ್ಣನಾಗಿದ್ದ ಅವರು ಕೇಳಿದ ಒಂದು ಪ್ರಶ್ನೆಗೆ ನನ್ನ ಬಾಯಿಂದ ಬಂದ ಮಾತು ನಾನು ಮನೆಯಲ್ಲಿ ತಯಾರು ಮಾಡಿದ್ದಲ್ಲ. ಅವತ್ತಿನಿಂದ ನನಗೆ ಧೈರ್ಯ ಬಂತು. ಇಬ್ಬರೂ ಕೇಳಿದ್ದು ಪ್ರಶ್ನೆಯನ್ನೇ. ಎದುರಿನವನು ಗೆಲ್ಲಲಿ ಅನ್ನುವ ಆಸೆ ಎರಡನೆಯವರಿಗಿತ್ತು, ಮೊದಲಿನವರಿಗೆ ಇರಲಿಲ್ಲ.

ನೀವು ಹೇಳುವುದು ಆ ಎರಡನೆಯವರ ಹಾಗೆ ಕೇಳುವುದನ್ನಾದರೆ ನನ್ನ ವಿರೋಧ ವಾಪಸ್ ತೆಗೆದುಕೊಳ್ಳುತ್ತೇನೆ. ಪ್ರಾಜೆಕ್ಟಿನ ಬಗ್ಗೆ ಹೇಳಿದ್ದನ್ನು ಮಾತ್ರ ಬಿಡುವುದಿಲ್ಲ.

ಕಡಲತಡಿ, ಕುಮಟಾ

ಎಲ್ಲರಿಗೂ ಧನ್ಯವಾದ. ನಾನು ನಾಳೆಯಿಂದ ಶುರು ಮಾಡಬೇಕು ಅಂದುಕೊಂಡಿದ್ದೇನೆ. ಸರ್, ಎಷ್ಟು ಹೊತ್ತು, ಎಷ್ಟು ದಿನಕ್ಕೊಮ್ಮೆ, ಏನು ಬರೆದಿಡಬೇಕು, ಸ್ವಲ್ಪ ಬಿಡಿಸಿ ಹೇಳುತ್ತೀರಾ?

ತೋಟದಮನೆ, ಶಿರಸಿ

ನಮ್ಮಲ್ಲಿ ನಡೆಯುವುದು ಹೇಳುತ್ತೇನೆ, ನಿಮಗೆ ಹೊಂದುವ ಹಾಗೆ ಬದಲಿಸಿಕೊಳ್ಳಿ.

ಹದಿನೈದು ದಿನಕ್ಕೊಮ್ಮೆ, 40 ನಿಮಿಷ, ಮೂರು ಕೋಆರ್ಡಿನೇಟರುಗಳ ಜೊತೆ ಬೇರೆ ಬೇರೆಯಾಗಿ. ವಿಷಯ ತರುವವರು ಅವರು. ವರದಿ, ಗುರಿ ಮುಟ್ಟಿದ್ದು ಮುಟ್ಟದ್ದು, ಅದಕ್ಕೆ ಬೇರೆ ಸಭೆ ಇದೆ. ಮೊದಲು ಎರಡನ್ನೂ ಒಂದೇ ದಿನ ಮಾಡಿ ಕೆಟ್ಟೆ. ವರದಿ ಕೇಳಿದ ಬಾಯಿಂದಲೇ ಪ್ರಶ್ನೆ ಬಂದರೆ ಅವರು ಮನಸ್ಸು ಬಿಚ್ಚುವುದಿಲ್ಲ.

"ಏಕೆ" ಅಂತ ಶುರುವಾಗುವ ಪ್ರಶ್ನೆ ಕಡಿಮೆ ಮಾಡಿದೆ. "ಏಕೆ ಹೋಗಲಿಲ್ಲ?" ಅಂದರೆ ಅದು ಬೈಗುಳದ ಹಾಗೆ ಕೇಳಿಸುತ್ತದೆ. "ಹೋಗೋಕೆ ಏನು ಅಡ್ಡ ಬಂತು?" ಅಂದರೆ ಮಾತು ಬರುತ್ತದೆ. ನನಗೆ ಎಲ್ಲಕ್ಕಿಂತ ಉಪಯೋಗ ಆದದ್ದು "ಇನ್ನೇನು?" ಅನ್ನುವ ಮೂರಕ್ಷರದ ಸಣ್ಣ ಮಾತು. ಮೊದಲು ಬರುವ ಉತ್ತರ ಸಾಮಾನ್ಯವಾಗಿ ನನ್ನನ್ನು ಖುಷಿಪಡಿಸಲು ಬಂದಿರುತ್ತದೆ. ಮೂರನೆಯದು ಅವರದೇ.

ಬರೆದಿಡುವುದು ಒಂದೇ ಸಾಲು, ಅದೂ ಅವರ ಪುಸ್ತಕದಲ್ಲಿ ಅವರ ಕೈಯಿಂದ: ಮುಂದಿನ ಸಲದ ಒಳಗೆ ನಾನು ಮಾಡುವುದು ಏನು. ಮುಂದಿನ ಮಾತು ಆ ಸಾಲಿನಿಂದ ಶುರು. ಆಗಲಿಲ್ಲ ಅಂದರೆ ಬೈಯುವುದಿಲ್ಲ, ಆದರೆ ಹಾರಿಸಿ ಮುಂದೆ ಹೋಗುವುದೂ ಇಲ್ಲ. ಅಲ್ಲಿ ಮಾತಾಡಿದ್ದು ಸಂಬಳ ಹೆಚ್ಚಿಸುವಾಗ, ಬೋರ್ಡಿನ ಮುಂದೆ, ಎಲ್ಲೂ ಬರಬಾರದು. ಒಮ್ಮೆ ನಾನು ಮೈಮರೆತು ಒಬ್ಬಳ ಮಾತನ್ನು ಎಲ್ಲರ ಎದುರು ಹೇಳಿದೆ, ಹೊಗಳುವುದಕ್ಕೇ ಹೇಳಿದ್ದು. ಆಮೇಲೆ ಅವಳು ಮತ್ತೆ ಬಾಯಿ ಬಿಡಲು ಮೂರು ತಿಂಗಳು ಬೇಕಾಯಿತು.

ಹೊಸದಾಗಿ ಸೇರಿದವರಿಗೆ ಇದು ಬೇಡ. ಅವರಿಗೆ ಮೊದಲು ಕೆಲಸ ತೋರಿಸಿ. ಗೊತ್ತಿಲ್ಲದವರನ್ನು ಬರೀ ಪ್ರಶ್ನೆ ಕೇಳುವುದು ಅವರನ್ನು ನೀರಿಗೆ ತಳ್ಳಿದ ಹಾಗೆ.

ಕಾಳಿದಂಡೆ, ಹಳಿಯಾಳ

ಸರ್, ಒಂದು ಉಳಿಯಿತು. ನಿಮ್ಮ ಜೊತೆ ಯಾರು ಹೀಗೆ ಕೂರುತ್ತಾರೆ? ಮುಖ್ಯಸ್ಥರಿಗೆ ಯಾರೂ ಇರುವುದಿಲ್ಲ. ಟ್ರಸ್ಟಿಗಳ ಹತ್ತಿರ ಗೊಂದಲ ಹೇಳಿದರೆ ನಮ್ಮ ಮೇಲಿನ ನಂಬಿಕೆ ಹೋಗುತ್ತದೆ ಅನ್ನುವ ಭಯ, ಕೆಲಸದವರಿಗೆ ಹೇಳಿದರೆ ಅವರ ಧೈರ್ಯ ಹೋಗುತ್ತದೆ ಅನ್ನುವ ಭಯ. ನಾನಂತೂ ವರ್ಷಗಟ್ಟಲೆ ಒಬ್ಬನೇ ಹೊತ್ತಿದ್ದೇನೆ.

ತೋಟದಮನೆ, ಶಿರಸಿ

ಯಾರೂ ಇಲ್ಲ. ಇಲ್ಲಿ ಬರೆಯಲು ಶುರು ಮಾಡಿದ್ದೂ ಅದಕ್ಕೇ ಇರಬೇಕು.

ನೀವು, ಕುಮಟಾ ಅಕ್ಕ, ನಾನು, ಮೂವರು ತಿಂಗಳಿಗೊಮ್ಮೆ ಕೂರೋಣವಾ? ಒಬ್ಬರು ಹೇಳುವುದು, ಒಬ್ಬರು ಕೇಳುವುದು, ಇನ್ನೊಬ್ಬರು ಸುಮ್ನೆ ಗಮನಿಸಿ, ಕೇಳಿದವರು ಎಲ್ಲಿ ಉತ್ತರ ತುರುಕಿದರು ಅಂತ ಹೇಳುವುದು. ಶಿರಸಿ ನಿಮ್ಮಿಬ್ಬರಿಗೂ ನಡುವೆ ಬರುತ್ತದೆ. ಅಕ್ಕ ದೇವಿಮನೆ ಘಟ್ಟ ಹತ್ತಿ ಬರಬೇಕು, ಮಳೆಗಾಲದಲ್ಲಿ ಫೋನಿನಲ್ಲೇ ಮಾಡೋಣ. ಹೊನ್ನಾವರದ ಅಕ್ಕ ಒಪ್ಪಿದರೆ ಅವರೂ ಬರಲಿ. ತಪ್ಪು ಹಿಡಿಯಲು ಅವರೇ ಬೇಕು.

ಹೊನ್ನಾವರದ ಅಕ್ಕ

ಬರುತ್ತೇನೆ. ಬಸ್ ಚಾರ್ಜು, ಒಂದು ದಿನದ ರಜೆ ನಮ್ಮ ಈಗಿನ ಸಂಸ್ಥೆಯಲ್ಲಿ ಕೇಳಿದ್ದೇನೆ. ಕೊಟ್ಟರು.

ಕಡಲತಡಿ, ಕುಮಟಾ

ಮೂರು ವಾರ ಆಯಿತು, ಏನಾಯಿತು ಅಂತ ಬರೆಯುತ್ತಿದ್ದೇನೆ.

ಮೊದಲ ಸಲ ಪೂರ್ತಿ ಕೆಟ್ಟಿತು. ಹತ್ತು ನಿಮಿಷದಲ್ಲಿ ನಾನೇ ಮಾತಾಡುತ್ತಿದ್ದೆ. ಎರಡನೇ ಸಲ ಬಾಯಿ ಕಟ್ಟಿಕೊಳ್ಳಲು ಕೈಯಲ್ಲಿ ಚಹಾದ ಲೋಟ ಹಿಡಿದು ಕೂತೆ. ನಮ್ಮ ಕಾರ್ಯಕರ್ತೆ ತಂದ ವಿಷಯ ಇದು: ಬಳಚು ಆರಿಸುವ ಹೆಂಗಸರು ಒಬ್ಬನೇ ವ್ಯಾಪಾರಿಗೆ ಮಾರುತ್ತಾರೆ, ಅವನ ಮುಂಗಡ ತೆಗೆದುಕೊಂಡಿದ್ದಾರೆ, ಅವನು ಹೇಳಿದ್ದೇ ದರ. ನನ್ನ ತಲೆಯಲ್ಲಿ ಯೋಜನೆ ತಯಾರಾಗಿತ್ತು. ಸಂಘ ಮಾಡಿಸಬೇಕು, ಮೀನುಗಾರಿಕೆ ಇಲಾಖೆಗೆ ಅರ್ಜಿ ಕೊಡಬೇಕು, ಇನ್ನೊಬ್ಬ ವ್ಯಾಪಾರಿಯನ್ನು ಹುಡುಕಬೇಕು.

"ಇನ್ನೇನು?" ಅಂತ ಮೂರು ಸಲ ಕೇಳಿದೆ. ಮೂರನೇ ಸಲ ಅವಳು ಹೇಳಿದಳು: "ಅಕ್ಕ, ನಾನು ಈ ಕೆಲಸ ಯಾವತ್ತೂ ಮಾಡಿಲ್ಲ. ನೀರಲ್ಲಿ ನಿಂತಿಲ್ಲ. ಹೆರಿಗೆಗೆ, ಆಸ್ಪತ್ರೆಗೆ ಅವನೇ ದುಡ್ಡು ಕೊಟ್ಟಿದ್ದಾನೆ, ಅವನನ್ನ ಬಿಡಿ ಅಂತ ನಾನು ಹೇಗೆ ಹೇಳ್ಲಿ? ಮೊದಲು ನಾಲ್ಕು ದಿನ ಅವರ ಜೊತೆ ಹೋಗ್ತೀನಿ. ದರದ ಮಾತು ಆಮೇಲೆ."

ನನಗೆ ಇದು ಸರಿ ಅನ್ನಿಸಲಿಲ್ಲ. ನಾಲ್ಕು ದಿನ ವರದಿಯಲ್ಲಿ ಏನು ಬರೆಯುವುದು ಅಂತ ಮೊದಲು ಹೊಳೆಯಿತು, ಹಿಮ್ಮೇಳದವರು ಹೇಳಿದ ರೋಗ ನನಗೂ ಇದೆ. ಆದರೆ ಈ ತೀರ್ಮಾನ ಅವಳದು ಅಂತ ಮೊದಲೇ ಬರೆದುಕೊಂಡಿದ್ದೆವು. "ಯಾವಾಗಿನಿಂದ?" ಅಂತಷ್ಟೇ ಕೇಳಿದೆ.

ನಾಳೆ ನೀರಿನ ಇಳಿತ ಬೆಳಿಗ್ಗೆ ಬೇಗ. ಅವಳು ಹಳೆ ಸೀರೆ, ಬುಟ್ಟಿ ತೆಗೆದಿಟ್ಟಿದ್ದಾಳೆ. ನಾನು ಆಫೀಸಿನಲ್ಲೇ ಇರುತ್ತೇನೆ.